ಮಾಯಾಮದ್ದಿನ ಬೆಲೆ

ಇಸ್ಪೀಟಿನಲ್ಲಿ ಕತ್ತೆಯಾಟದ ಆಚೆ ನನಗೇನೂ ಬಾರದು. ಆದರೂ ಎಂಟನೇ ತರಗತಿಯ ಹುಡುಗನೊಬ್ಬ ರಟ್ಟಿನ ಮೇಲೆ ತಾನೇ ಬರೆದ ಮಾಯಾಮದ್ದಿನ ಕಾರ್ಡನ್ನು ತಂದು, "ಹೇಗಿದೆ ಮಿಸ್?" ಎಂದಾಗ ಅಭಿಪ್ರಾಯ ಹೇಳಲೇಬೇಕಾಯಿತು. ನೀಲಿ ಸೀಸೆ, ಬಾಯಿಂದ ಹೊಗೆ, ಚಿತ್ರ ಸೊಗಸಾಗಿತ್ತು. ಕೆಳಗೆ, 'ಕುಡಿದವನು ಸೋಲುವುದೇ ಇಲ್ಲ.' ಬೆಲೆ ಸೊನ್ನೆ.

ಅವನ ಮಾದರಿ, ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಅಮೆರಿಕದಲ್ಲಿ ಹೊರಬಂದ 'ಮ್ಯಾಜಿಕ್: ದ ಗ್ಯಾದರಿಂಗ್' ಆಟ. ಅದರಲ್ಲಿ 2010ರ 'ಎಲಿಕ್ಸಿರ್ ಆಫ್ ಇಮ್ಮಾರ್ಟ್ಯಾಲಿಟಿ' ಎಂಬ ಕಾರ್ಡಿದೆ. ಹೆಸರು ಅಮರತ್ವದ ಮದ್ದು. ಆಟಗಾರನ ಆರಂಭದ ಆಯಸ್ಸು 20 ಆದರೆ ಇದು ಕೊಡುವುದು ಬರೀ 5. ಅದನ್ನು ಇಳಿಸಲು 1 ಮಾನಾ, ಅಂದರೆ ಮಂತ್ರಶಕ್ತಿ, ತೆರಬೇಕು. ಬಳಸಲು ಇನ್ನೂ 2. ಬಳಸಿದ ಮೇಲೆ ಸೀಸೆಯೂ, ಆಟಗಾರ ಕಳೆದುಕೊಂಡ ಕಾರ್ಡುಗಳೂ ಅವನ ಕಟ್ಟಿನೊಳಗೆ ಮತ್ತೆ ಕಲೆತುಹೋಗುತ್ತವೆ. ಬರಿದಾದ ಕಟ್ಟಿನಿಂದ ಕಾರ್ಡು ಎಳೆಯಬೇಕಾಗಿ ಬಂದವನು ಸೋಲುವ ಆಟವಿದು. ಅಮರತ್ವ ಇರುವುದು ಆ 5ರಲ್ಲಲ್ಲ, ಈ ಹಿಂದಿರುಗುವಿಕೆಯಲ್ಲಿ. ನನಗೆ ಮೆಚ್ಚಿಕೆಯಾದದ್ದು ಇದೇ.

"ನಿನ್ನದಕ್ಕೇಕೆ ಬೆಲೆಯಿಲ್ಲ?" ಎಂದೆ.

"ತಮ್ಮನಿಗೆ ಮಿಸ್. ದಿನಾ ಸೋತು ಅಳುತ್ತಾನೆ."

ಕೆಂಪು ಪೆನ್ನು ಕೆಳಗಿಟ್ಟೆ. ಆದರೂ ಸುಳ್ಳು ಹೇಳಲಾಗಲಿಲ್ಲ. "ಸೋಲದವನ ಜೊತೆ ನೀನು ಎಷ್ಟು ದಿನ ಆಡುತ್ತೀಯ?"

ಹುಡುಗ ಮುಖ ಸಣ್ಣದು ಮಾಡಿಕೊಂಡು ಹೋದ. ಸೋಮವಾರ ಕಾರ್ಡು ಮತ್ತೆ ಬಂತು. 'ಕುಡಿದವನಿಗೆ 5 ಆಯಸ್ಸು. ನಿದ್ದೆ ಬರುತ್ತದೆ, ಒಂದು ಸರದಿ ಬಿಡಬೇಕು.' ಕೆಮ್ಮಿನ ಔಷಧಿ ಕುಡಿದವರಿಗೆಲ್ಲ ಗೊತ್ತಿರುವ ನಿಯಮ! ಕಾರ್ಡು ಈಗ ನಿಜಕ್ಕೂ ಚೆನ್ನಾಗಿದೆ.

ತಮ್ಮ ಮಾತ್ರ ಇನ್ನೂ ಒಪ್ಪಿಲ್ಲವಂತೆ.