ಗಣ್ಯರು ದಾರಿಯಲ್ಲಿದ್ದಾರೆ

ನಾಟಕ, ಸಿನಿಮಾ, ಪುಸ್ತಕಗಳನ್ನು ಹಿಡಿದು ಜಗ್ಗಾಡುವ ನಮ್ಮ ವಿಮರ್ಶಕರು, ಅವೆಲ್ಲಕ್ಕಿಂತ ಹೆಚ್ಚು ಸಲ ನೋಡುವ ಒಂದು ಪ್ರದರ್ಶನವನ್ನು ಮಾತ್ರ ಬಿಟ್ಟುಬಿಟ್ಟಿದ್ದಾರೆ. ಅದು ವೇದಿಕೆ ಕಾರ್ಯಕ್ರಮ. ಪುಸ್ತಕ ಬಿಡುಗಡೆಯಿರಲಿ, ಪ್ರತಿಭಾ ಪುರಸ್ಕಾರವಿರಲಿ, ಸಹಕಾರ ಸಂಘದ ಹೊಸ ಕಟ್ಟಡದ ಉದ್ಘಾಟನೆಯಿರಲಿ, ಚಾಮರಾಜನಗರದಿಂದ ಬೀದರಿನವರೆಗೆ ಅದರ ರಂಗಸಜ್ಜಿಕೆ, ಸಂಭಾಷಣೆ, ಪಾತ್ರವರ್ಗ ಎಲ್ಲವೂ ಹೆಚ್ಚೂಕಮ್ಮಿ ಒಂದೇ. ಇಷ್ಟು ಕಾಲ ಇಷ್ಟು ಕಡೆ ಆಡಿದ ಆಟ ಇಷ್ಟು ಕೆಟ್ಟದಾಗಿ ಉಳಿದದ್ದು ಹೇಗೆ ಎಂದು ಯಾರಾದರೂ ಕೇಳಬೇಕಿತ್ತು.

ಆಟ ಶುರುವಾಗುವುದು ಆಹ್ವಾನ ಪತ್ರಿಕೆಯಲ್ಲಿ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು: ಈ ಖಾನೆಗಳೆಲ್ಲ ಭರ್ತಿಯಾದ ಮೇಲೆ ಕೆಳಗೆ ಜಾಗ ಉಳಿದರೆ ಪುಸ್ತಕ ಬರೆದವನ ಹೆಸರು ಬರುತ್ತದೆ. ಸರ್ಕಾರಿ ಕಾರ್ಯಕ್ರಮವಾದರೆ ಕಥೆ ಇನ್ನೂ ಬಿಗಿ. ಯಾರ ಹೆಸರು ಯಾರ ಹೆಸರಿನ ಮೇಲೆ ಬರಬೇಕೆಂಬುದಕ್ಕೆ ಶಿಷ್ಟಾಚಾರದ ಸುತ್ತೋಲೆಗಳಿವೆ. ಒಂದು ಹೆಸರು ತಪ್ಪಿದರೆ ಅಧಿಕಾರಿಗೆ ನೋಟಿಸ್. ಶಾಸಕರದ್ದಾದರೆ ವಿಷಯ ಸದನದ ಹಕ್ಕುಚ್ಯುತಿಯವರೆಗೂ ಹೋಗಬಹುದು. ಹಾಗಾಗಿ ಕರಡು ತಿದ್ದುವ ತಹಶೀಲ್ದಾರರಿಗೆ ಕಾರ್ಯಕ್ರಮ ಯಾವುದರ ಬಗ್ಗೆ ಎಂಬುದಕ್ಕಿಂತ ಫೋಟೋಗಳ ಗಾತ್ರ ಸಮನಾಗಿದೆಯೇ ಎಂಬುದೇ ದೊಡ್ಡ ಚಿಂತೆ. ಅವರನ್ನು ದೂರಿ ಉಪಯೋಗವಿಲ್ಲ. ಸಭೆ ಸೊರಗಿದರೆ ಯಾರೂ ಕೇಳುವುದಿಲ್ಲ, ಹೆಸರು ತಪ್ಪಿದರೆ ಎಲ್ಲರೂ ಕೇಳುತ್ತಾರೆ.

ಆಮೇಲಿನದು ಕಾಯುವ ಅಂಕ. ಹತ್ತೂವರೆಗೆ ಎಂದು ಅಚ್ಚು ಹಾಕಿಸಿದ ಸಭೆಯಲ್ಲಿ ಹನ್ನೊಂದೂವರೆಗೆ ನಿರೂಪಕರು ಮೈಕ್ ಹಿಡಿದು, ಗಣ್ಯರು ದಾರಿಯಲ್ಲಿದ್ದಾರೆ, ಇನ್ನೇನು ಹತ್ತು ನಿಮಿಷದಲ್ಲಿ ನಮ್ಮೊಡನೆ ಇರುತ್ತಾರೆ ಎನ್ನುತ್ತಾರೆ. ನಡುವೆ ಸ್ಥಳೀಯ ಕಲಾವಿದರಿಂದ ಭಾವಗೀತೆ. ಶಾಲಾ ಕಾರ್ಯಕ್ರಮವಾದರೆ ಸ್ವಾಗತ ನೃತ್ಯದ ಮಕ್ಕಳು ಜರಿ ಲಂಗ ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು ಬಿಸಿಲಲ್ಲಿ ನಿಂತಿರುತ್ತವೆ. ಮುಂದಿನ ಎರಡು ಸಾಲಿನ ಸೋಫಾಗಳು ಖಾಲಿ. ಗೋಡೆಗೆ ಒರಗಿ ನಿಂತ ಮುದುಕರು ಅಲ್ಲಿ ಹೋಗಿ ಕೂರುವಂತಿಲ್ಲ.

ಈ ವಿಳಂಬವನ್ನು ನಾವು ಅಶಿಸ್ತು ಎಂದುಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಎಷ್ಟು ಜನರನ್ನು ಎಷ್ಟು ಹೊತ್ತು ಕಾಯಿಸಬಲ್ಲೆ ಎಂಬುದೇ ಇಲ್ಲಿ ದೊಡ್ಡತನದ ಅಳತೆ. ಬೇಕಿದ್ದರೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದ ಅತಿಥಿಯ ಪಾಡು ನೋಡಿ. ಸಂಘಟಕರಿಗೆ ಅವರೊಂದು ತಲೆನೋವು. ಬ್ಯಾನರ್ ಇನ್ನೂ ಕಟ್ಟಿಲ್ಲ, ದೀಪಕ್ಕೆ ಎಣ್ಣೆ ಹಾಕಿಲ್ಲ. ಅವರನ್ನು ಪಕ್ಕದ ಕೋಣೆಗೆ ಸಾಗಿಸಿ, ಬಾದಾಮಿ ಹಾಲು ಕೊಟ್ಟು, ‘ಸ್ವಲ್ಪ ಜನ ಸೇರಲಿ ಸರ್’ ಎಂದು ಕೂಡಿಸುತ್ತಾರೆ. ಎರಡು ಮೂರು ಕಡೆ ಇಂಥ ಅನುಭವವಾದ ಮೇಲೆ ಎಂಥ ಶಿಸ್ತಿನ ಮನುಷ್ಯನೂ ತಡವಾಗಿ ಹೊರಡುವುದನ್ನು ಕಲಿಯುತ್ತಾನೆ. ಆದ್ದರಿಂದ ದೊಡ್ಡಸ್ತಿಕೆಯ ಪಾಪವನ್ನೆಲ್ಲ ದೊಡ್ಡಸ್ತಿಕೆ ತೋರುವವನ ತಲೆಗೇ ಕಟ್ಟುವುದು ನ್ಯಾಯವಲ್ಲ. ಕಾಯುತ್ತೇವೆಂದು ಒಪ್ಪಿಕೊಂಡವರು, ಕಾಯಿಸಿದವನಿಗೇ ದೊಡ್ಡ ಹಾರ ಹಾಕುವವರು ಇದ್ದಾರಲ್ಲ, ಈ ಆಟದ ನಿರ್ಮಾಪಕರು ಅವರೇ.

ಕೊನೆಗೂ ಗಣ್ಯರು ಬರುತ್ತಾರೆ, ಮೈಸೂರು ಪೇಟ ಏರುತ್ತದೆ, ಶಾಲು ಹೊದಿಸಲಾಗುತ್ತದೆ. ತಡವಾಗಿ ಬಂದವರೇ ಸಮಯದ ಅಭಾವದ ಬಗ್ಗೆ ಮಾತಾಡುತ್ತಾರೆ. ಎರಡೇ ಮಾತು ಎಂದು ಶುರು ಮಾಡಿದ್ದು ಅರ್ಧ ಗಂಟೆಯಾಗುತ್ತದೆ. ಪುಸ್ತಕ ಓದಲು ಬಿಡುವಾಗಿಲ್ಲ, ಆದರೂ ಇದು ಉತ್ತಮ ಕೃತಿ ಎಂಬ ಪ್ರಶಸ್ತಿಪತ್ರ ಸಿಗುತ್ತದೆ. ಮತ್ತೊಂದು ಕಾರ್ಯಕ್ರಮವಿದೆ ಎಂದು ಅವರು ಎದ್ದಾಗ ಅರ್ಧ ಸಭೆಯೂ ಜೊತೆಗೇ ಏಳುತ್ತದೆ. ಆಗ ಮೈಕ್ ಸಿಗುವುದು ಪುಸ್ತಕವನ್ನು ನಿಜವಾಗಿ ಓದಿ, ಟಿಪ್ಪಣಿ ಮಾಡಿಕೊಂಡು ಬಂದ ಒಬ್ಬ ಪ್ರಾಧ್ಯಾಪಕರಿಗೆ. ಅವರು ಎರಡನೇ ಪುಟ ತಿರುವುವ ಹೊತ್ತಿಗೆ ನಿರೂಪಕರ ಕೈಯಿಂದ ಒಂದು ಚೀಟಿ ಬರುತ್ತದೆ. ಗಮನಿಸಿ, ಆ ಚೀಟಿ ಯಾವತ್ತೂ ಮಂತ್ರಿಗಳ ಕೈಗೆ ಹೋಗುವುದಿಲ್ಲ. ಸಾಹಿತ್ಯ ಸಮ್ಮೇಳನಗಳಲ್ಲೂ ಇದೇ ಪದ್ಧತಿ: ಉದ್ಘಾಟನೆ ಹಿಗ್ಗಿದಷ್ಟೂ ಗೋಷ್ಠಿ ಕುಗ್ಗುತ್ತದೆ. ಕೃಷಿಯ ಬಗ್ಗೆಯೋ ಕನ್ನಡ ಶಾಲೆಗಳ ಬಗ್ಗೆಯೋ ವಾರಗಟ್ಟಲೆ ಓದಿ ಬಂದವರು, ಊಟಕ್ಕೆ ಎದ್ದು ಹೋಗುವವರ ಬೆನ್ನು ನೋಡುತ್ತ ಪ್ರಬಂಧ ಮಂಡಿಸುತ್ತಾರೆ.

ಕಚೇರಿಗಳಲ್ಲಿ ನಡೆಯುವುದು ಇದೇ ಆಟದ ಕಿರುರೂಪ. ಅಲ್ಲಿ ಪೇಟದ ಬದಲು ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿ ಟರ್ಕಿ ಟವೆಲ್, ನಿರೂಪಕರ ಬದಲು ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎನ್ನುವ ಜವಾನ. ಪಹಣಿಯ ತಿದ್ದುಪಡಿಗೆ ಬಂದ ರೈತ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಕೈಕಟ್ಟಿ ನಿಲ್ಲುತ್ತಾನೆ. ಚಪ್ಪಲಿ ಬಿಡು ಎಂದು ಯಾರೂ ಹೇಳಿರುವುದಿಲ್ಲ. ಟವೆಲ್ ಇಲ್ಲದ ಗಾಜಿನ ಕಚೇರಿಗಳೂ ಇದರಿಂದ ಹೊರತಲ್ಲ. ಹತ್ತಾರು ಜನ ಕಂಪ್ಯೂಟರಿನ ಮುಂದೆ ಕೂತು ಕಾಯುತ್ತಿರುವ ಮೀಟಿಂಗಿಗೆ ಕೊನೆಗೆ ಸೇರಿಕೊಂಡು, ಇದುವರೆಗಿನದ್ದನ್ನು ಯಾರಾದರೂ ಬೇಗ ಹೇಳಿಬಿಡಿ ಎನ್ನುವ ಮ್ಯಾನೇಜರ್ ನಮ್ಮ ಉದ್ಘಾಟಕರ ಸೋದರ ಸಂಬಂಧಿಯೇ.

ಇದನ್ನು ತಿದ್ದುವ ಪ್ರಯತ್ನ ಆಗಿಲ್ಲವೆಂದಲ್ಲ. ಕೆಂಪು ದೀಪ ಉನ್ನತ ಸಾಂವಿಧಾನಿಕ ಹುದ್ದೆಯವರಿಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2017ರ ಮೇ 1ರಿಂದ ಪ್ರಧಾನಿಯವರ ಕಾರಿನಿಂದಲೂ ಅದು ಇಳಿಯಿತು. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದಾಗ, 2021ರಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶವಾಯಿತು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರೂ ಹೂವು, ಶಾಲಿನ ಬದಲು ಪುಸ್ತಕ ಸಾಕೆಂದರು. ಬೆಂಗಳೂರಿನಲ್ಲಿ ತಮಗಾಗಿ ಮಾಡುವ ‘ಝೀರೋ ಟ್ರಾಫಿಕ್’ ಬೇಡವೆಂದು ಪೊಲೀಸರಿಗೆ ಸೂಚಿಸಿದರು. ಒಳ್ಳೆಯ ಹೆಜ್ಜೆಗಳೇ. ಆದರೆ ಹೆಚ್ಚಿನವು ಮುಟ್ಟಿದ್ದು ಸಾಮಗ್ರಿಯನ್ನು. ದೀಪ ಹೋದ ಜಾಗಕ್ಕೆ ಸೈರನ್, ನಂಬರ್ ಪ್ಲೇಟಿನ ಮೇಲೆ ಯಾವುದೋ ಸಂಘದ ಮಾಜಿ ಉಪಾಧ್ಯಕ್ಷರೆಂಬ ಕೆಂಪು ಫಲಕ ಬಂದವು. ಹಾರದ ಬದಲು ಪುಸ್ತಕ ಕೊಟ್ಟರೂ ಕೊಡುವುದಕ್ಕೆ ಒಂದು ಗಂಟೆ ಕಾಯಲೇಬೇಕು. ಈ ಪಟ್ಟಿಯಲ್ಲಿ ಝೀರೋ ಟ್ರಾಫಿಕ್ ಕುರಿತ ಮಾತೊಂದೇ ಜನರ ಸಮಯಕ್ಕೆ ನೇರವಾಗಿ ಸಂಬಂಧಿಸಿದ್ದು.

ಸಮಯಕ್ಕೆ ನಿಜವಾಗಿ ಬೆಲೆ ಕಟ್ಟಿದ್ದು ಇವೆಲ್ಲಕ್ಕಿಂತ ಮೊದಲು ಬಂದ ಸಕಾಲ. 2011ರ ಕಾಯ್ದೆ, 2012ರಲ್ಲಿ ರಾಜ್ಯದಾದ್ಯಂತ ಜಾರಿ. ಪ್ರತಿ ಸೇವೆಗೂ ಇಂತಿಷ್ಟು ದಿನವೆಂದು ಗಡುವು. ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಪ್ಪಿತಸ್ಥ ನೌಕರನಿಂದ. ಬಡವನ ಒಂದು ದಿನದ ಕೂಲಿಗೆ ಹೋಲಿಸಿದರೆ ಮೊತ್ತ ಏನೇನೂ ಅಲ್ಲ. ಆದರೂ ಕಾಯಿಸುವವನು ತೆರಬೇಕು ಎಂಬ ತತ್ವವನ್ನು ಒಂದು ಸರ್ಕಾರ ಬರವಣಿಗೆಯಲ್ಲಿ ಒಪ್ಪಿದ್ದು ಸಣ್ಣ ಸಂಗತಿಯಲ್ಲ. ತೊಡಕಿರುವುದು ಅದನ್ನು ಮೇಲ್ಮನವಿ ಹಾಕಿ ಕೇಳಿ ಪಡೆಯಬೇಕೆಂಬಲ್ಲಿ. ನಾಳೆ ಇನ್ನೊಂದು ಕಾಗದಕ್ಕೆ ಅದೇ ಮೇಜಿನ ಮುಂದೆ ನಿಲ್ಲಬೇಕಾದವನು 20 ರೂಪಾಯಿಗೆ ಹಗೆ ಕಟ್ಟಿಕೊಳ್ಳುತ್ತಾನೆಯೇ?

ಬೇರೆ ದಾರಿಯಿದೆ ಎಂಬುದಕ್ಕೆ ಬೆಂಗಳೂರಿನ ಜೆ.ಪಿ. ನಗರದಲ್ಲೇ ಸಾಕ್ಷಿಯಿದೆ. ಶಂಕರ್ ನಾಗ್ ನೆನಪಿನಲ್ಲಿ ಕಟ್ಟಿ, 2004ರಲ್ಲಿ ತೆರೆದ ರಂಗಶಂಕರದಲ್ಲಿ ಹೇಳಿದ ಹೊತ್ತಿಗೆ ನಾಟಕ ಶುರು. ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಹೊರಗುಳಿದವರಿಗೆ ಕೋಪ ಬರುತ್ತದೆ, ಬರಲಿ. ಇದೇ ಊರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಇದೇ ಊರಿನ ಮಳೆಯಲ್ಲಿ ನೆನೆದು ಜನ ಅಲ್ಲಿಗೆ ಸಮಯಕ್ಕೆ ಬರುತ್ತಾರೆ. ಅಂದರೆ ತಡ ಮಾಡುವುದು ನಮ್ಮ ರಕ್ತದ ಗುಣವೇನೂ ಅಲ್ಲ. ಅಲ್ಲಿ ಯಾರಿಗಾಗಿಯೂ ಆಟ ನಿಲ್ಲುವುದಿಲ್ಲ, ಅಷ್ಟೇ.

ನಮ್ಮ ವೇದಿಕೆ ಕಾರ್ಯಕ್ರಮದಲ್ಲಿ ನನಗೆ ಮೆಚ್ಚುಗೆಯಾಗುವ ಭಾಗ ಒಂದೇ, ವಂದನಾರ್ಪಣೆ. ಶಾಮಿಯಾನ ಹಾಕಿದವರು, ಮೈಕ್ ಸೆಟ್ಟಿನವರು, ಅಡುಗೆಯವರು, ಕುರ್ಚಿ ಹೊತ್ತ ಹುಡುಗರು ಎಂದು ನಿಜಕ್ಕೂ ದುಡಿದವರ ಸುದ್ದಿ ಬರುವುದು ಅಲ್ಲಿ ಮಾತ್ರ. ಆ ಹೊತ್ತಿಗೆ ಕೇಳಲು ಉಳಿದಿರುವವರೂ ಅವರೇ; ಅವೆಲ್ಲವನ್ನೂ ಮತ್ತೆ ಬಿಚ್ಚಿ ಲಾರಿಗೆ ತುಂಬಬೇಕಲ್ಲ. ಇದನ್ನು ಮೊದಲಿಗೇ ಇಟ್ಟುಕೊಳ್ಳಬಹುದು. ಹೇಗೂ ಒಂದು ಗಂಟೆ ತುಂಬಿಸಬೇಕು: ವಂದನಾರ್ಪಣೆ ಮುಗಿಸಿ, ಮಕ್ಕಳ ನೃತ್ಯ ನೋಡಿ, ಮೈಕನ್ನು ಆ ಪ್ರಾಧ್ಯಾಪಕರ ಕೈಗೋ ಲೇಖಕನ ಕೈಗೋ ಕೊಟ್ಟುಬಿಟ್ಟರೆ ಆಯಿತು. ಗಣ್ಯರು ಬಂದಾಗ ಊಟಕ್ಕೆ ಬಡಿಸುತ್ತಿದ್ದರೆ ಅವರಿಗೂ ಒಂದು ಎಲೆ ಹಾಕೋಣ.