ಬೀಗದ ಹೆಸರು, ಬೀಗದ ವಸ್ತು

ಒಂದೇ ದತ್ತಾಂಶವನ್ನು ಎರಡು ಥ್ರೆಡ್‌ಗಳು ಏಕಕಾಲದಲ್ಲಿ ತಿದ್ದಿದರೆ ಫಲಿತಾಂಶವನ್ನು ನಂಬುವಂತಿಲ್ಲ. ಇದನ್ನು ತಡೆಯಲು ಜಾವಾ ಭಾಷೆಯಲ್ಲಿ ಬೀಗದ ಏರ್ಪಾಡಿದೆ. ಅಲ್ಲಿ ಯಾವುದೇ ಆಬ್ಜೆಕ್ಟ್, ಅಂದರೆ ವಸ್ತು, ಬೀಗವಾಗಬಲ್ಲದು. ಒಂದು ಥ್ರೆಡ್ ಅದನ್ನು ಹಿಡಿದಿರುವಷ್ಟು ಕಾಲ ಅದೇ ಬೀಗವನ್ನು ಕೇಳುವ ಉಳಿದವು ಕಾಯಬೇಕು. ಆದರೆ ಯಾವ ಬೀಗ ಯಾವ ದತ್ತಾಂಶವನ್ನು ಕಾಯುತ್ತದೆ? ಇದನ್ನು ಬರೆದಿಡುವ ವ್ಯವಸ್ಥೆ ಭಾಷೆಯೊಳಗಿಲ್ಲ.

ಬ್ರಿಯಾನ್ ಗೆಟ್ಜ್ ಮತ್ತು ಸಂಗಡಿಗರ ‘ಜಾವಾ ಕನ್‌ಕರೆನ್ಸಿ ಇನ್ ಪ್ರಾಕ್ಟೀಸ್’ (2006) ಈ ಕೊರತೆಗೆ ಒಂದು ಪರಿಹಾರ ಸೂಚಿಸಿತು. ಚರದ ಘೋಷಣೆಯ ಜೊತೆಗೆ ‘ಗಾರ್ಡೆಡ್‌ಬೈ’ ಎಂಬ ಟಿಪ್ಪಣಿಯನ್ನೂ ಬೀಗದ ಹೆಸರನ್ನೂ ಬರೆಯಬೇಕು. ಆ ಬೀಗ ಹಿಡಿಯದೆ ಚರವನ್ನು ಮುಟ್ಟಬಾರದು ಎಂದು ಇದರ ಅರ್ಥ. ಕ್ರಮವಿಧಿ ಬರೆದವರ ತಲೆಯಲ್ಲಷ್ಟೇ ಇದ್ದ ನಿಯಮ ಓದುವವರಿಗೂ ಕಾಣುವಂತಾಯಿತು. ಇದು ಪುಸ್ತಕದ ದೊಡ್ಡ ಕೊಡುಗೆ.

ಆದರೆ ಟಿಪ್ಪಣಿ ಕಾಯುವುದು ಚರದ ಹೆಸರನ್ನೋ, ಅದು ಸೂಚಿಸುವ ವಸ್ತುವನ್ನೋ? ಅಂಕಗಳ ಒಂದು ಪಟ್ಟಿಗೆ ಹೀಗೆ ಟಿಪ್ಪಣಿ ಬರೆದಿದೆ ಎನ್ನಿ. ಒಂದು ಮೆಥಡ್ ಬೀಗ ಹಿಡಿದು, ಆ ಪಟ್ಟಿಯನ್ನೇ ಹೊರಗೆ ಕೊಟ್ಟು, ಬೀಗ ಬಿಡುತ್ತದೆ. ನಿಯಮ ಮುರಿದಿಲ್ಲ. ಪಡೆದವರು ಈಗ ಬೀಗವಿಲ್ಲದೆಯೇ ಪಟ್ಟಿಗೆ ಅಂಕ ಸೇರಿಸಬಹುದು. ಅದೇ ಗಳಿಗೆಯಲ್ಲಿ ಇನ್ನೊಂದು ಥ್ರೆಡ್ ಬೀಗ ಹಿಡಿದು ಅದನ್ನು ಓದುತ್ತಿರಬಹುದು. ಹೆಸರು ಭದ್ರ, ವಸ್ತು ಬಯಲು!

ಬೀಗದ ಹೆಸರಿಗೂ ಇದೇ ತೊಡಕು. ಬೀಗವನ್ನು ಸೂಚಿಸುವ ಚರಕ್ಕೆ ನಡುವೆ ಹೊಸ ವಸ್ತುವನ್ನು ಕೊಟ್ಟರೆ, ಒಂದೇ ಹೆಸರಿನಲ್ಲಿ ಎರಡು ಥ್ರೆಡ್‌ಗಳು ಎರಡು ಬೇರೆ ಬೀಗಗಳನ್ನು ಹಿಡಿಯುತ್ತವೆ. ನಿರ್ದೇಶನ ಚೌಕಟ್ಟನ್ನು ಹೇಳದೆ ವೇಗವನ್ನು ಹೇಳಿದಷ್ಟೇ ಅಪೂರ್ಣ ಮಾತು ಇದು. ಮೇಲಾಗಿ, ಜಾವಾ ಕಂಪೈಲರ್ ಈ ಟಿಪ್ಪಣಿಯನ್ನು ತಾನಾಗಿ ಪರೀಕ್ಷಿಸುವುದಿಲ್ಲ. ಅದಕ್ಕೆ ‘ಎರರ್ ಪ್ರೋನ್’ನಂಥ ಬೇರೆ ಸಾಧನ ಬೇಕು.

2016ರಲ್ಲಿ ಮೈಕೆಲ್ ಅರ್ನ್ಸ್ಟ್ ಮತ್ತು ಸಂಗಡಿಗರು ಇಂಥ ನಿಯಮಗಳಿಗೆ ಚರಗಳ ಬದಲು ವಸ್ತುಗಳ ಆಧಾರದ ಮೇಲೆ ಖಚಿತ ಅರ್ಥ ಕೊಟ್ಟರು. ಚಾಲನೆಯ ವೇಳೆ ಬೀಗ ಬೀಳುವುದು ವಸ್ತುವಿಗೇ ಅಲ್ಲವೇ?

ಹಾಗೆಂದು ಟಿಪ್ಪಣಿಯನ್ನು ಕೈಬಿಡಬೇಕಿಲ್ಲ. ಅಧ್ಯಾಪಕರು ಅದರೊಡನೆ ಎರಡು ನಿಯಮಗಳನ್ನು ಕಲಿಸಲಿ. ಒಂದು, ಬೀಗದ ಚರ ‘ಪ್ರೈವೇಟ್ ಫೈನಲ್’ ಆಗಿರಲಿ. ಎರಡು, ಅಂಕಪಟ್ಟಿಯನ್ನು ಹೊರಗೆ ಕೊಡಬೇಕಾದರೆ ಬೀಗ ಹಿಡಿದಿರುವಾಗಲೇ ನಕಲು ಮಾಡಿ, ಆ ನಕಲನ್ನು ಕೊಡಿ. ಇವೆರಡು ಇಲ್ಲದಿದ್ದರೆ ಟಿಪ್ಪಣಿ ಬಾಗಿಲಿಗೆ ಅಂಟಿಸಿದ ಚೀಟಿಯಷ್ಟೇ.