ದೋಣಿಯಲ್ಲಿ ಕಾಣದ ಚಾನಲ್ಲು

ದಾವಣಗೆರೆಯ ವಿನೋಬನಗರದ ನಮ್ಮ ಮನೆಯ ಮಹಡಿ ಮೇಲೆ ತಿಂಗಳಿಗೆ ಎರಡು ಭಾನುವಾರ ಏಳೆಂಟು ಜನ ಸೇರಿ ಓದುತ್ತೇವೆ. ಬರುವವರಲ್ಲಿ ಹೆಚ್ಚಿನವರು ಕಾಲೇಜು ವಿದ್ಯಾರ್ಥಿಗಳು. ಕಳೆದ ಬೇಸಿಗೆಯ ಒಂದು ಸಂಜೆ ಪ್ರವಾಸ ಬರಹಗಳ ಸರದಿ ಇತ್ತು. ಒಬ್ಬ ಹುಡುಗ ಎಲ್ಲಿಂದಲೋ ಹುಡುಕಿ ನನ್ನದೇ ಹಳೆಯ ಲೇಖನವೊಂದನ್ನು ತಂದುಬಿಟ್ಟಿದ್ದ. ಎಂಟು ವರ್ಷದ ಹಿಂದೆ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಬರೆದದ್ದು. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ, ಗೈಡ್ ಜೊತೆ, ದೋಣಿಯಲ್ಲಿ ಕಳೆದ ಒಂದು ದಿನದ ಕುರಿತು.

ಅವನು ಗಟ್ಟಿಯಾಗಿ ಓದಿದ. 'ಪ್ರಕೃತಿಯ ಮಡಿಲು' ಎರಡು ಸಲ ಬಂತು. 'ಹಸಿರು ಸೆರಗು' ಒಂದು ಸಲ. 'ಕಣ್ಣಿಗೆ ಹಬ್ಬ' ಕೊನೆಯ ಸಾಲಿನಲ್ಲಿ. ಶೀರ್ಷಿಕೆಯಲ್ಲೇ 'ಮಳೆಕಾಡು' ಎಂದಿತ್ತು. ನನಗೆ ಮುಜುಗರವಾದರೂ ಯಾರೂ ನಗಲಿಲ್ಲ. ಮಲೇಬೆನ್ನೂರು ಕಡೆಯಿಂದ ಬರುವ ಒಬ್ಬ ಹುಡುಗಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಸರ್, ಇದ್ರಾಗೆ ನಮ್ಮ ಚಾನಲ್ಲು ಎಲ್ಲೈತೆ?"

ಅವಳ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ. ಅವಳಪ್ಪನ ಗದ್ದೆ ಇರುವುದು ನಾಲೆಯ ಕೊನೆ ಭಾಗದಲ್ಲಿ. ಭದ್ರಾ ಡ್ಯಾಂ ಎಂದರೆ ಅವಳ ಮನೆಯಲ್ಲಿ ಆನೆ, ಹಕ್ಕಿ, ದೋಣಿ ಯಾವುದೂ ಅಲ್ಲ; ದಿನಾ ಬೆಳಗ್ಗೆ ಪೇಪರಿನ ಮೂಲೆಯಲ್ಲಿ ಬರುವ ಒಂದು ಅಂಕಿ. 186 ಅಡಿಯ ಜಲಾಶಯದಲ್ಲಿ ಇವತ್ತು ಎಷ್ಟು ಅಡಿ ನೀರಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಆ ಅಂಕಿ ಇಳಿಯುತ್ತ ಬಂದರೆ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ಅದೇ ನೀರಿನ ಮೇಲೆ ನಾನು ಇಡೀ ದಿನ ತೇಲಿ ಬಂದು ಎಂಟುನೂರು ಪದ ಬರೆದಿದ್ದೆ. ಅದರಲ್ಲಿ ನಾಲೆಯ ಹೆಸರೇ ಇರಲಿಲ್ಲ. ದೊಡ್ಡ ದೊಡ್ಡ ವಿಮರ್ಶಾ ಪುಸ್ತಕಗಳು ಕೇಳದ ಪ್ರಶ್ನೆಯನ್ನು ಅವಳು ಕೇಳಿದ್ದಳು ಅನ್ನಿಸಿತು. ಅದಕ್ಕೆ ಉತ್ತರ ಹುಡುಕಲು ಏಪ್ರಿಲ್‌ನಲ್ಲಿ ಮತ್ತೆ ಅದೇ ದೋಣಿ ಹತ್ತಿದೆ.

ಸಂತೇಬೆನ್ನೂರು, ಚನ್ನಗಿರಿ, ಭದ್ರಾವತಿ ದಾಟಿ, ಬಿ.ಆರ್. ಪ್ರಾಜೆಕ್ಟ್ ಹಾದು ಲಕ್ಕವಳ್ಳಿಗೆ ಹೋಗುವುದು. ಪಕ್ಕದಲ್ಲೇ ಶಂಕರಘಟ್ಟ, ಅಲ್ಲಿ ಕುವೆಂಪು ಹೆಸರಿನ ವಿಶ್ವವಿದ್ಯಾಲಯ. ದೋಣಿಗೆ ಮುಂಚೆ ಲೈಫ್ ಜಾಕೆಟ್ ಕೊಡುತ್ತಾರೆ. ನಿಲ್ಲಬೇಡಿ, ಕೂಗಬೇಡಿ, ನೀರಿಗೆ ಕೈ ಹಾಕಬೇಡಿ ಎಂಬ ಸೂಚನೆಗಳಾಗುತ್ತವೆ. ಆಮೇಲೆ ಗೈಡ್ ತೋರಿಸುತ್ತ ಹೋಗುತ್ತಾನೆ: ದಡದಲ್ಲಿ ಜಿಂಕೆ ಹಿಂಡು, ಬಂಡೆ ಮೇಲೆ ಮೊಸಳೆ, ದೂರದಲ್ಲಿ ಆನೆ, ನೀರಲ್ಲಿ ನಿಂತ ಒಣ ಬೊಡ್ಡೆಯ ತುದಿಯಲ್ಲಿ ರೆಕ್ಕೆ ಹರಡಿ ಕೂತ ನೀರುಕಾಗೆ. ಎಲ್ಲರೂ ಫೋಟೊ ತೆಗೆಯುತ್ತಾರೆ. ಮುಂದಿನ ತಿರುವು, ಮುಂದಿನ ಪ್ರಾಣಿ.

ಸಾಹಿತ್ಯದ ವಿದ್ಯಾರ್ಥಿಯ ಕಣ್ಣಿಂದ ನೋಡಿದರೆ ಇದೂ ಒಂದು ಕಥನವೇ. ಇದಕ್ಕೊಬ್ಬ ನಿರೂಪಕನಿದ್ದಾನೆ, ಕೇಳುಗರಿದ್ದಾರೆ, ಒಂದು ಕ್ರಮವಿದೆ. ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬುದು ಮೊದಲೇ ತೀರ್ಮಾನವಾಗಿದೆ. ಈ ಕಥನದ ವ್ಯಾಕರಣ ಒಂದೇ: 'ಅಲ್ಲಿ ನೋಡಿ'. 'ಯಾಕೆ' ಎಂಬ ಪದಕ್ಕೆ ಇದರಲ್ಲಿ ಜಾಗವಿಲ್ಲ. ನಮ್ಮ ಪುರವಣಿಗಳ ಪ್ರವಾಸ ಲೇಖನಗಳು ಈ ವ್ಯಾಕರಣವನ್ನೇ ನಕಲು ಮಾಡುತ್ತವೆ. ನನ್ನದೂ ಮಾಡಿತ್ತು. ಗೈಡ್ ಬೆರಳು ತೋರಿಸಿದ ಕಡೆ ನಾನು ಒಂದೊಂದು ವಿಶೇಷಣ ಇಡುತ್ತ ಹೋಗಿದ್ದೆ, ಅಷ್ಟೆ.

ಹೀಗೆ ಬರೆದಾಗ ಏನೇನು ತಪ್ಪಿಹೋಗುತ್ತದೆ? ಮೊದಲು, ಸುಳ್ಳು ಹೆಸರು. ಲಕ್ಕವಳ್ಳಿಯ ಸುತ್ತ ಇರುವುದು ಬಹುಪಾಲು ಎಲೆ ಉದುರುವ ಕಾಡು, ತೇಗ ಮತ್ತಿಗಳ ಕಾಡು. ಏಪ್ರಿಲ್‌ನಲ್ಲಿ ಬೋಳು ಕೊಂಬೆಗಳೇ ಹೆಚ್ಚು. ನಿತ್ಯಹರಿದ್ವರ್ಣದ ದಟ್ಟ ಮಳೆಕಾಡು ಇರುವುದು ಹೊಳೆಯ ಮೇಲ್ತುದಿಯಲ್ಲಿ, ಭದ್ರೆ ಹುಟ್ಟುವ ಗಂಗಾಮೂಲ, ಕುದುರೆಮುಖದ ಕಡೆ. ಆ ಬೆಟ್ಟಗಳಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದಿತ್ತು. ಆ ಕಾಡಿನ ಮಳೆ, ಆ ಗಣಿಯ ಹೂಳು ಎರಡೂ ಬಂದು ಸೇರುವುದು ನಾವು ತೇಲುತ್ತಿರುವ ನೀರಿಗೇ. 'ಮಳೆಕಾಡು' ಎಂದು ಶೀರ್ಷಿಕೆ ಕೊಟ್ಟವನಿಗೆ ಇದು ಯಾವುದೂ ಬೇಕಿರಲಿಲ್ಲ. ಪದ ಚೆನ್ನಾಗಿ ಕೇಳಿಸಿತ್ತು.

ಎರಡನೆಯದು, ಇದು ಹೊಳೆಯೇ ಅಲ್ಲ. 1940ರ ದಶಕದ ಕೊನೆಗೆ ಶುರುವಾಗಿ 1960ರ ದಶಕದಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ನಿಂತ ನೀರು. ತುಂಬಿದರೆ 71 ಟಿ.ಎಂ.ಸಿ.ಗಿಂತ ಹೆಚ್ಚು. ನಾವು ನಡುಗಡ್ಡೆ ಎನ್ನುವುದು ಮುಳುಗಿದ ಗುಡ್ಡಗಳ ನೆತ್ತಿ. ನೀರುಕಾಗೆ ಕೂತ ಚೆಂದದ ಬೊಡ್ಡೆ, ಮುಳುಗಿ ಸತ್ತ ಕಾಡಿನ ಮರ. ಅತಿ ಹೆಚ್ಚು ಫೋಟೊ ತೆಗೆಸಿಕೊಳ್ಳುವುದು ಅದೇ.

ಮೂರನೆಯದು, ದಡದಲ್ಲಿ ಮನುಷ್ಯರಿಲ್ಲ. 1951ರಲ್ಲಿ ಜಾಗರ ಕಣಿವೆಯ ಹೆಸರಿನಲ್ಲಿ ಶುರುವಾದ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅದರ ಬೆನ್ನಿಗೇ ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ, ಚಿಕ್ಕಮಗಳೂರು ಕಡೆಯ ಕೆಳಗೂರಿಗೆ ಹೋದವು. ಒಪ್ಪಿಸಿ ನಡೆಸಿದ ಸ್ಥಳಾಂತರಕ್ಕೆ ಒಳ್ಳೆಯ ಮಾದರಿ ಎಂದು ಇದನ್ನು ಈಗಲೂ ಉದಾಹರಿಸುತ್ತಾರೆ. ಇರಬಹುದು. ಆದರೆ ಒಳ್ಳೆಯ ಮಾದರಿಯಾದರೂ ಅದು ಕತೆಯ ಭಾಗ. ನಾವು 'ನಿರ್ಜನ, ನೀರವ' ಎಂದು ಬರೆಯುವ ಮೌನ ತಾನಾಗಿ ಬಂದದ್ದಲ್ಲ.

ಕನ್ನಡದ ಒಳ್ಳೆಯ ಗದ್ಯ ಈ ತಪ್ಪು ಮಾಡಿಲ್ಲ. ಮೂರು ಪುಸ್ತಕಗಳು ನೆನಪಾಗುತ್ತವೆ. 1967ರ 'ಮಲೆಗಳಲ್ಲಿ ಮದುಮಗಳು' ಮುಗಿಯುವ ಹೊತ್ತಿಗೆ ತುಂಗೆ ತುಂಬಿ ಹರಿಯುತ್ತಿದ್ದಾಳೆ. ಗುತ್ತಿ, ತಿಮ್ಮಿ ದಾಟುತ್ತಾರೆ. ಉದ್ದಕ್ಕೂ ಜೊತೆಗಿದ್ದ ಹುಲಿಯ ಎಂಬ ನಾಯಿ ಪ್ರವಾಹದ ಪಾಲಾಗುತ್ತದೆ. ಕುವೆಂಪು ಹೊಳೆಯ ಸೊಬಗನ್ನು ಯಾರಿಗೂ ಕಡಿಮೆಯಿಲ್ಲದಂತೆ ಕಂಡವರು. ಆದರೆ ದಾಟಿದವರ ಸುಖದಲ್ಲಿ ದಾಟದೆ ಹೋದ ಜೀವವನ್ನು ಅವರು ಮರೆಯುವುದಿಲ್ಲ. ಒಂದು ನಾಯಿಗಾಗಿ ಅಷ್ಟು ದೊಡ್ಡ ಕಾದಂಬರಿ ನಿಂತು ನೋಡುತ್ತದೆ. ಪ್ರತಿ ದೋಣಿಯ ಬರಹಕ್ಕೂ ಕೇಳಬೇಕಾದ ಪ್ರಶ್ನೆ ಇಲ್ಲೇ ಸಿಗುತ್ತದೆ: ದೋಣಿಯಲ್ಲಿ ಯಾರಿದ್ದಾರೆ, ಯಾರಿಲ್ಲ?

ನಾ. ಡಿಸೋಜ ಅವರ 'ದ್ವೀಪ' 1978ರದ್ದು. ಗಿರೀಶ ಕಾಸರವಳ್ಳಿಯವರ ಸಿನಿಮಾದಿಂದ ಇದನ್ನು ಬಲ್ಲವರೇ ಹೆಚ್ಚು. ಅಲ್ಲಿ ಶರಾವತಿಯ ನೀರು ಏರುವುದನ್ನು ನಾವು ದೋಣಿಯಿಂದ ನೋಡುವುದಿಲ್ಲ, ಗಣಪಯ್ಯ ನಾಗವೇಣಿಯರ ಅಂಗಳದಿಂದ ನೋಡುತ್ತೇವೆ. ಪ್ರವಾಸಿಗೆ 'ದ್ವೀಪ' ಒಂದು ನೋಟ. ಅವರಿಗೆ ಅದು ಮನೆಗೆ ಆದ ಗತಿ. ಅದೇ ಪದ, ನಿಂತ ಜಾಗ ಬೇರೆ.

ಮೂರನೆಯದು 1980ರ 'ಕರ್ವಾಲೊ'. ಓತಿಕ್ಯಾತದ ಬೆನ್ನು ಹತ್ತಿ ಕಾಡಿಗೆ ಹೊರಟ ಆ ತಂಡವೂ ಒಂಥರಾ ಗೈಡ್ ಜೊತೆಗಿನ ಪ್ರವಾಸವೇ. ಆದರೆ ದಾರಿ ತೋರಿಸುವವನು ಯಾರು? ನಿರೂಪಕ ಪೆದ್ದ ಎಂದುಕೊಂಡಿದ್ದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊಗೆ ಹುಟ್ಟು ನಿಸರ್ಗತಜ್ಞ ಕಾಣುತ್ತಾನೆ. ತೇಜಸ್ವಿಯವರ ಹೂರಣ ಇರುವುದು ಓತಿಯಲ್ಲಿ ಮಾತ್ರ ಅಲ್ಲ, ಈ ಕಣ್ಣಿನಲ್ಲಿ. ಕಾಡಿನ ತಿಳಿವಳಿಕೆ ಮಂದಣ್ಣನ ಹತ್ತಿರ ಮೊದಲಿಂದಲೂ ಇತ್ತು. ಕೇಳಲು ಗೊತ್ತಿದ್ದವರು ಬೇಕಿತ್ತು.

ಇದು ನನಗೆ ದೋಣಿಯಲ್ಲೇ ಮನದಟ್ಟಾಯಿತು. ಲಕ್ಕವಳ್ಳಿ ಹಿನ್ನೀರಿನ ದೊಡ್ಡ ಆಕರ್ಷಣೆ ರಿವರ್ ಟರ್ನ್ ಎಂಬ ಹಕ್ಕಿ. ಹಳದಿ ಕೊಕ್ಕು, ಕಪ್ಪು ಟೋಪಿ, ಕತ್ತರಿ ಬಾಲ. ಅಳಿವಿನ ಆತಂಕ ಎದುರಿಸುತ್ತಿರುವ ಹಕ್ಕಿಗಳಲ್ಲಿ ಇದೂ ಒಂದು. ಬೇಸಿಗೆಯಲ್ಲಿ ಇವು ಗುಂಪುಗುಂಪಾಗಿ ಇಲ್ಲಿನ ನಡುಗಡ್ಡೆಗಳಿಗೆ ಬಂದು ಮರಳು, ಹರಳುಕಲ್ಲುಗಳ ನಡುವೆ ಚಿಕ್ಕ ಗುಳಿ ಮಾಡಿ ಎರಡು ಮೂರು ಮೊಟ್ಟೆ ಇಡುತ್ತವೆ. ಎಂಟು ವರ್ಷದ ಹಿಂದೆ ಇವನ್ನೇ ನಾನು 'ಬಿಳಿ ಮೋಡದ ತುಣುಕುಗಳು' ಎಂದು ಬರೆದಿದ್ದೆ. ಈ ಸಲ ಗೈಡನ್ನು ಕೇಳಿದೆ: "ಮಳೆಗಾಲದಲ್ಲಿ ಈ ಗಡ್ಡೆ ಕಾಣುತ್ತಾ?"

"ಎಲ್ಲಿ ಸಾರ್! ಡ್ಯಾಂ ತುಂಬಿದ್ರೆ ಇದೆಲ್ಲ ಒಳಗೇ," ಎಂದ. ಆಮೇಲೆ ತಾನಾಗಿಯೇ ಮುಂದುವರಿಸಿದ: "ನಿಮ್ಮ ಕಡೆ ಚಾನಲ್ಲಿಗೆ ನೀರು ಬಿಟ್ಟಂಗೆಲ್ಲ ಇಲ್ಲಿ ಇಳೀತದೆ. ಇಳಿದ್ರೆ ಗಡ್ಡೆ ಏಳ್ತದೆ. ಗಡ್ಡೆ ಎದ್ರೆ ಇವು ಮೊಟ್ಟೆ ಇಡ್ತವೆ. ಮಧ್ಯದಲ್ಲಿ ನೀರೇನಾದ್ರೂ ಏರಿದ್ರೆ ಮೊಟ್ಟೆ ಹೋಯ್ತು ಅಂತ್ಲೇ ಲೆಕ್ಕ."

ದೋಣಿಯ ಇಂಜಿನ್ ಆಫ್ ಆಗಿತ್ತು. ನಾನು ಆ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡೆ. ಮಲೇಬೆನ್ನೂರಿನ ಹುಡುಗಿಯ ಪ್ರಶ್ನೆಗೆ ಉತ್ತರ ಕಣ್ಣೆದುರೇ ಇತ್ತು. ಬೇಸಿಗೆ ಭತ್ತಕ್ಕೆಂದು ಬಲದಂಡೆ ನಾಲೆಯಲ್ಲಿ ನೀರು ಹರಿಯುವ ತಿಂಗಳುಗಳೇ ಈ ಹಕ್ಕಿಯ ಬಾಣಂತನದ ತಿಂಗಳುಗಳು. ದಾವಣಗೆರೆ ಸೀಮೆಯ ಗದ್ದೆಗೆ ಹೋದ ನೀರಿನ ಜಾಗದಲ್ಲಿ ಇಲ್ಲಿ ನೆಲ ಎದ್ದಿದೆ. ಆ ನೆಲದ ಮೇಲೆ ಮೊಟ್ಟೆ ಇದೆ. ಚಾನಲ್ಲು ಈ ಚಿತ್ರದ ಹೊರಗೆ ಇರಲೇ ಇಲ್ಲ, ಚಿತ್ರವನ್ನು ಹಿಡಿದು ನಿಲ್ಲಿಸಿದ್ದೇ ಅದು. ಗೈಡ್‌ಗೆ ಇದೆಲ್ಲ ಮೊದಲೇ ಗೊತ್ತಿತ್ತು. ಎಂಟು ವರ್ಷದ ಹಿಂದೆಯೂ ಯಾರಾದರೂ ಹೇಳುತ್ತಿದ್ದರೇನೋ. ನಾನು ಕೇಳಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಒಂದು ದಿನ ಮಕ್ಕಳ ಜೊತೆ ಹೋಗಿ ಆನೆ ನೋಡಿ ಬರುವವನ ತಲೆಗೆ ಮುಳುಗಡೆ, ಸ್ಥಳಾಂತರ, ನೀರಾವರಿ ಸಲಹಾ ಸಮಿತಿಯ ಸಭೆ ಎಲ್ಲವನ್ನೂ ಕಟ್ಟಬೇಕೆ? ಬರೀ ಖುಷಿಗೆ ಬರೆಯಬಾರದೆ? ಬರೆಯಬಹುದು. ಮೊಸಳೆ ಬಾಯಿ ತೆರೆದಾಗ ಪಕ್ಕದ ಮಗು ಅಮ್ಮನ ಸೆರಗು ಹಿಡಿದುಕೊಂಡಿತಲ್ಲ, ಅದನ್ನು ಬರೆದರೂ ಸಾಕು, ಅದು ಕಂಡದ್ದು. ನನ್ನ ತಕರಾರು ಖುಷಿಯ ಮೇಲೆ ಅಲ್ಲ, ನೋಡದೆಯೇ ಬರೆಯಬಹುದಾದ ಖುಷಿಯ ಮೇಲೆ. 'ಪ್ರಕೃತಿಯ ಮಡಿಲು' ಎಂದು ವಿನೋಬನಗರದ ಮನೆಯಲ್ಲೇ ಕೂತು ಬರೆಯಬಹುದು. ಅದಕ್ಕೆ ಲಕ್ಕವಳ್ಳಿಯೂ ಬೇಡ, ದೋಣಿಯೂ ಬೇಡ.

ಹಾಗಂತ ಇನ್ನೊಂದು ತುದಿಗೆ ಹೋಗುವುದರಲ್ಲೂ ಅಪಾಯವಿದೆ. ಮುಳುಗಡೆಯ ಅಳಲಿಗೂ ಈಗ ಸಿದ್ಧ ಮಾತುಗಳಿವೆ. ಡಿಸೋಜರಲ್ಲಿ ಅನುಭವವಾಗಿದ್ದ ನೋವು ಅವರ ಹಿಂದೆ ಬಂದ ಎಷ್ಟೋ ಬರಹಗಳಲ್ಲಿ ಶಿಷ್ಟಾಚಾರವಾಗಿದೆ: ಅಣೆಕಟ್ಟು ಬಂತು, ಊರು ಹೋಯಿತು, ಅಜ್ಜಿ ಅತ್ತಳು. ಇಂಥವನ್ನು ಓದುವಾಗ ನನಗೆ ಕಾಡುವ ಕೊರತೆ ಒಂದು. ನಾನು ಓದಿದ ಮಟ್ಟಿಗೆ, ಮುಳುಗಡೆಯ ಕತೆ ಒಂದು ಕಪಾಟಿನಲ್ಲಿದೆ, ನಾಲೆ ಬಂದ ಮೇಲೆ ಬದಲಾದ ಬಯಲುಸೀಮೆಯ ಕತೆ ಇನ್ನೊಂದರಲ್ಲಿದೆ. ಮೊದಲನೆಯದರಲ್ಲಿ ನೀರು ಬರೀ ಶಾಪ, ಎರಡನೆಯದರಲ್ಲಿ ಬರೀ ವರ. ಒಂದೇ ನೀರು ಎಂಬುದು ಎರಡರಲ್ಲೂ ಇಲ್ಲ. ನಮ್ಮೂರಿನ ಕುಂದುವಾಡ ಕೆರೆಗೆ, ಟಿ.ವಿ. ಸ್ಟೇಷನ್ ಕೆರೆಗೆ ಬರುವುದು ಭದ್ರಾ ಚಾನಲ್ಲಿನ ನೀರು. ಮಹಡಿಯ ಮೇಲೆ ಕೂತು 'ದ್ವೀಪ' ಓದಿ ಮರುಗುವಾಗ ನಾವು ಕುಡಿಯುವ ಲೋಟದಲ್ಲೂ ಒಂದು ಮುಳುಗಿದ ಕಾಡಿದೆ. ಇದನ್ನು ಪಾಪಪ್ರಜ್ಞೆಗಾಗಿ ಹೇಳುತ್ತಿಲ್ಲ. ಆ ಕಾಡಿಗೂ ಈ ಲೋಟಕ್ಕೂ ನಡುವಿನ ದಾರಿಯನ್ನು ಬರೆಯುವ ಗದ್ಯ ನಮಗೆ ಇನ್ನೂ ಸಾಲದು ಎಂದಷ್ಟೇ.

ಮುಂದಿನ ಭಾನುವಾರದ ಓದಿಗೆ ಒಂದು ಕೆಲಸ ಕೊಟ್ಟೆ: ನೀರಿನ ಬಗ್ಗೆ ಎರಡು ಪುಟ ಬರೆದು ತರಬೇಕು, ನೋಡಿದ್ದನ್ನೇ ಬರೆಯಬೇಕು. ಮಲೇಬೆನ್ನೂರಿನ ಹುಡುಗಿ ಬರೆದು ತಂದದ್ದು ಒಂದು ರಾತ್ರಿಯ ಕತೆ. ನೀರು ತಮ್ಮ ತೂಬಿಗೆ ತಲುಪುವ ಸರದಿ ಕಾಯುತ್ತ ಅವಳೂ ಅವಳಪ್ಪನೂ ಬದುವಿನ ಮೇಲೆ ಕೂತಿದ್ದಾರೆ. ಮೇಲಿನ ಹಳ್ಳಿಯವರು ಅಡ್ಡ ಕಟ್ಟಿದ್ದಾರೋ ಇಲ್ಲವೋ ನೋಡಲು ಸೌಡಿ ಸೈಕಲ್ ತುಳಿಯುತ್ತ ಹೋಗಿದ್ದಾನೆ. ನಡುರಾತ್ರಿ ಕಳೆದ ಮೇಲೆ, ಟಾರ್ಚಿನ ಬೆಳಕಿನಲ್ಲಿ, ಒಣ ಕಾಲುವೆಯೊಳಗೆ ಕಸಕಡ್ಡಿ ತಳ್ಳಿಕೊಂಡು ನೊರೆ ಬರುತ್ತದೆ. ಅದರ ಹಿಂದೆ ನೀರು.

ಅಲ್ಲಿ ಅವಳು ಬರೆದಿದ್ದಳು: 'ಕಣ್ಣಿಗೆ ಹಬ್ಬ.'

ಹೊಡೆದುಹಾಕಲು ಪೆನ್ನು ಎತ್ತಿದವನು ಹಾಗೇ ಬಿಟ್ಟೆ. ನನ್ನ ಲೇಖನದಲ್ಲಿ ಆ ಎರಡು ಪದ ಸತ್ತು ಬಿದ್ದಿದ್ದವು. ಅವಳ ಪುಟದಲ್ಲಿ ಅದು ನಿಜಕ್ಕೂ ಹಬ್ಬವೇ ಆಗಿತ್ತು.